ಲ್ಯಾಪ್‌ಟಾಪಿನ ಗಲೀಫು

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಬತ್ತಲೆ ಇಡುವ ಪದ್ಧತಿ ಇಲ್ಲ. ಮಿಕ್ಸರಿಗೆ ಝಾಲರು ಹಚ್ಚಿದ ಅಂಗಿ, ಟೀವಿಗೆ ಕಸೂತಿಯ ಮುಸುಕು, ಸೂಟ್‌ಕೇಸಿಗೆ ಖಾಕಿ ಸಮವಸ್ತ್ರ. ಹಳೆಯ ರಿಮೋಟಂತೂ ಪ್ಲಾಸ್ಟಿಕ್ಕಿನೊಳಗೆ ಕೂತೇ ಇಡೀ ಸೇವಾವಧಿಯನ್ನು ಮುಗಿಸಿ, ಒಂದು ಅಂಕಿಯೂ ಅಳಿಸದೆ ನಿವೃತ್ತವಾಯಿತು. ಬೀದರದ ಕೆಂಪು ಧೂಳಿನಲ್ಲಿ ಬದುಕುವವರಿಗೆ ಇದು ಅಲಂಕಾರವಲ್ಲ, ಧರ್ಮ. ಹೊದಿಕೆಯಿಲ್ಲದೆ ಮನೆಯಲ್ಲಿ ಓಡಾಡುವ ಏಕೈಕ ವಸ್ತುವೆಂದರೆ ಬೇಸಿಗೆಯ ಮಧ್ಯಾಹ್ನ ಬನಿಯನ್ನಿನಲ್ಲಿರುವ ನಾನು. ನನಗೂ ಒಂದು ಹೊಲಿಸಬೇಕೆಂಬ ಸೂಚನೆ ನನ್ನ ಹೆಂಡತಿ ಸುಲೋಚನಾಳಿಂದ ಆಗಾಗ ಬರುತ್ತದೆ.

ಹೀಗಿರುವಾಗ ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಗಲೀಫು ಬಂದದ್ದು ಸಹಜವೇ. ತಲೆದಿಂಬಿನ ಹೊದಿಕೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೊಲಿದವಳು ಸುಲೋಚನಾಳ ತಂಗಿ ಕಮಲಾ. ಔರಾದಿನಲ್ಲಿ ಅವಳದು ಹೊಲಿಗೆಯ ಕೆಲಸ. ಮಳೆ ಬೆನ್ನುಬೆನ್ನಿಗೆ ಕೈಕೊಟ್ಟ ಮೇಲೆ ಅಲ್ಲಿ ಯಾರೂ ಹೊಸ ಕುಪ್ಪಸ ಹೊಲಿಸದಾದರು; ಇದ್ದ ಕುಪ್ಪಸಗಳೇ ಮೈಗೆ ಸಡಿಲವಾಗತೊಡಗಿದ್ದವು. ಗಂಡಹೆಂಡತಿ ಪುಣೆಯ ಬಟ್ಟೆ ಕಾರ್ಖಾನೆಗೆ ಹೊರಟರು. ಹೊರಡುವ ಮುನ್ನ ಅವಳು ತನ್ನ ಮಷಿನ್ನಿನ ಮೇಲೆ ಕೊನೆಯದಾಗಿ ಹೊಲಿದದ್ದು ಇದನ್ನೇ: ತನ್ನದೇ ಹಳದಿ ಸೀರೆಯ ತುಂಡು, ಒಳಗೆ ಹತ್ತಿಯ ಪದರು, ಮೂಲೆಗಳಿಗೆ ಲಾಡಿ. ಪರದೆಗೂ ಕೀಲಿಗಳಿಗೂ ಜಾಗ ಬಿಟ್ಟು ಉಳಿದ ಮೈಯನ್ನೆಲ್ಲ ಬಿಗಿಯಾಗಿ ಮುಚ್ಚಿದ್ದಳು. "ಇದರಾಗ ನನ್ನ ಮಾರಿ ನೋಡ್ತಿ ಅಕ್ಕಾ, ಧೂಳ ಕೂಡಬಾರದು" ಎಂದು ತಾನೇ ಗಂಟು ಕಟ್ಟಿ ಹೋಗಿದ್ದಳು.

ಪುಣೆಯಲ್ಲಿ ಅವಳಿಗೆ, ಮದುವೆಯಾಗಿ ಬಹಳ ಕಾಲದ ಮೇಲೆ, ಹೆಣ್ಣುಕೂಸು ಹುಟ್ಟಿತು. ಹೋಗಿ ನೋಡೋಣವೆಂದರೆ, ಟ್ಯಾಂಕರು ಬಂದಾಗ ಕೊಡ ಹಿಡಿದು ನಿಲ್ಲಲು ಮನೆಯಲ್ಲೊಬ್ಬರು ಇರಲೇಬೇಕಾದ ವರ್ಷ ಅದು. ಆ ಕೆಲಸಕ್ಕೆ ಸುಲೋಚನಾಳಿಗೆ ನನ್ನ ಮೇಲೆ ಭರವಸೆಯಿಲ್ಲ. ಹಾಗಾಗಿ ರವಿವಾರ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲೇ ದರ್ಶನ. ಅತ್ತ ಕೂಸು ತೊಟ್ಟಿಲಲ್ಲಿ ಮಲಗಿರುತ್ತಿತ್ತು. ಇತ್ತ ನಮ್ಮ ಯಂತ್ರ ಭಾಲ್ಕಿಯ ಬಸ್ಸು ದಿಬ್ಬ ಹತ್ತುವಂತೆ ಗೊರಗುಟ್ಟಿ, ಇಸ್ತ್ರಿಪೆಟ್ಟಿಗೆಯಂತೆ ಕಾದು, ಕೂಸು ಕಣ್ಣು ಬಿಡುವ ಮೊದಲೇ ತಾನು ಕಣ್ಣು ಮುಚ್ಚಿಬಿಡುತ್ತಿತ್ತು. ಸುಲೋಚನಾ ಅದುವರೆಗೆ ಕಂಡದ್ದು ಕೂಸಿನ ತಲೆ ಮುಚ್ಚಿದ ಕುಂಚಿಗೆಯನ್ನು ಮಾತ್ರ. ಕಪ್ಪಾದ ಪರದೆಯ ಮುಂದೆ ಅವಳು ಕೂತಿರುತ್ತಿದ್ದ ರೀತಿ ನೋಡಲಾಗುತ್ತಿರಲಿಲ್ಲ.

ಚಿಕಿತ್ಸೆಗೆ ನಾನು ಇಳಿದೆ. ಕುಡಿಯುವ ನೀರಿನ ಮಡಕೆಯನ್ನು ತಂಪಾಗಿಡುವ ಹಸಿ ಉಸುಕಿನ ಪಕ್ಕ ಅದನ್ನು ಕೂಡಿಸಿದೆ. "ಮನಷ್ಯಾರಿಗೇ ನೀರಿಲ್ಲ, ನಿಮ್ಮ ಪೆಟಗಿಗಿ ಜಳಕ ಮಾಡಸ್ತೀರೇನ್ರಿ?" ಎಂಬ ಪ್ರಶ್ನೆ ಬಂದುದರಿಂದ ಆ ವಿಧಾನವನ್ನು ಕೈಬಿಟ್ಟೆ. ಕೊನೆಗೆ ಒಂದು ಮಧ್ಯಾಹ್ನ ಶಾಲೆಯ ಪ್ರಶ್ನೆಪತ್ರಿಕೆ ತಯಾರಿಸುವ ನೆಪದಲ್ಲಿ ಅದನ್ನು ಅಷ್ಟೂರಿನ ಹಳೆಯ ಗೋರಿಗಳಿಗೆ ಒಯ್ದೆ. ಗುಂಬಜಿನ ಕೆಳಗಿನ ನೆರಳಿಗೆ ಬೇಸಿಗೆ ಇನ್ನೂ ಗೊತ್ತಿಲ್ಲ. ಅಲ್ಲಿ ಮಲಗಿರುವ ಸುಲ್ತಾನರಲ್ಲಿ ಯಾರೂ ಸೆಕೆಯೆಂದು ದೂರಿದ್ದನ್ನು ನಾನು ಕೇಳಿಲ್ಲ. ಪಾರಿವಾಳಗಳ ಗುಟುರು ಮೇಲೆಲ್ಲೋ ಸುತ್ತಿ ಸುತ್ತಿ ಇಳಿಯುತ್ತಿತ್ತು. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಣ್ಣು ತೂಗಿತು.

ಕನಸಿನಲ್ಲಿ, ಸುಲೋಚನಾಳ ತವರು ಭಾತಂಬ್ರಾದಲ್ಲಿ ನನ್ನ ಮದುವೆ ನಡೆಯುತ್ತಿತ್ತು, ಆ ದಿನ ನಡೆದ ಹಾಗೆಯೇ. ಕಾದ ಹಂದರ, ಮೈಮೇಲೆ ಮಾವನವರು ಹೊಲಿಸಿದ ಉಣ್ಣೆಯ ಕೋಟು. ಗುಂಡಿ ಬಿಚ್ಚಿದರೆ ಬೀಗರಿಗೆ ಅವಮಾನ. ಅಕ್ಕಿಕಾಳು ಎರಚುವ ಹೊತ್ತಿಗೆ ಬಾಸಿಂಗ ದೂರ ತೇಲಿ, ಹಂದರ ಮೆಲ್ಲಗೆ ತಿರುಗಿ, ನಾನು ಮದುಮಗಳ ಭುಜದ ಮೇಲೆ ಒರಗಿದೆ. ಎಚ್ಚರವಾದಾಗ ಆ ತಂಪಿನಲ್ಲೂ ತೊಡೆ ಸುಡುತ್ತಿತ್ತು. ನೋಡಿದರೆ ತೊಡೆಯ ಮೇಲೆ ಹತ್ತಿಯ ಪದರಿನ ಹಳದಿ ಕೋಟು ತೊಟ್ಟು, ಗಾಳಿಯ ಕಿಂಡಿಗಳೆಲ್ಲ ಮುಚ್ಚಿಹೋಗಿ, ಬೀಗರ ಮರ್ಯಾದೆಗಾಗಿ ಬೇಯುತ್ತಿರುವ ಇನ್ನೊಬ್ಬ ಮದುಮಗ.

ರೋಗ ತಿಳಿಯಿತು. ತಿಳಿಸುವುದು ಹೇಗೆ? ಸಂಜೆ ಚಹಾದ ಹೊತ್ತಿಗೆ, "ಕಮಲಾನ ಗಲೀಫಿನಿಂದ ಅದಕ್ಕ ಉಸಿರು ಕಟ್ಲತ್ತದ" ಎಂದೆ.

"ನಮ್ಮ ಕಡಿಯವರು ಕೊಟ್ಟಿದ್ದೆಲ್ಲಾ ನಿಮಗ ಉಸಿರೇ ಕಟ್ತದ. ಕೋಟು ಕೊಟ್ರ ಹಂದರದಾಗ ಬಿದ್ರಿ."

"ಬಿಚ್ಚಿ ಒಂದ್ಸಲ ನೋಡೋಣ."

"ಕೈ ಹಚ್ಚಬ್ಯಾಡ್ರಿ. ಆಕಿ ಕಟ್ಟಿದ ಗಂಟು ಅದ."

ನಾನು ಚಹಾ ಕುಡಿದೆ.

ರವಿವಾರ ಬಂತು. ಪರದೆಯಲ್ಲಿ ಕಮಲಾ, ಹಿಂದೆ ಸೀರೆಯ ತೊಟ್ಟಿಲು. ಯಂತ್ರ ದಿಬ್ಬ ಹತ್ತತೊಡಗಿತು. ಅಷ್ಟರಲ್ಲಿ ತೊಟ್ಟಿಲು ಅಲುಗಿತು. "ಏಳ್ಲತ್ತಾಳ ಅಕ್ಕಾ, ತಡಿ" ಎಂದಳು ಕಮಲಾ. ಚಿತ್ರ ಆಗಲೇ ತಡವರಿಸುತ್ತಿತ್ತು. ಸುಲೋಚನಾ ನನ್ನನ್ನೊಮ್ಮೆ ನೋಡಿದಳು, ಗಂಟನ್ನೊಮ್ಮೆ ನೋಡಿದಳು. ಬಿಚ್ಚಲು ಹೋದಳು, ಅದು ಸಡಿಲಾಗಲಿಲ್ಲ. ಲಾಡಿಯನ್ನು ಹಲ್ಲಿನಲ್ಲಿ ಹಿಡಿದು ಕಡಿದು, ಗಲೀಫನ್ನು ಪರ್ರೆಂದು ಸೀಳಿ ಎಳೆದಳು.

"ಏನ್ ಹರೀಲತ್ತಿ ಅಕ್ಕಾ?"

"ಏನಿಲ್ಲ. ಹಳೀ ಬಟ್ಟಿ."

ಹರಿದದ್ದನ್ನು ಮಡಿಲಲ್ಲಿ ಮುಚ್ಚಿಕೊಂಡೇ ಆಕೆ ಬಿದಿರಿನ ರೊಟ್ಟಿಬುಟ್ಟಿಯನ್ನು ಬೋರಲು ಹಾಕಿ, ಯಂತ್ರವನ್ನು ಅದರ ಮೇಲಿಟ್ಟಳು. ಬಿಸಿ ರೊಟ್ಟಿಗೆ ಅಡಿಯಿಂದ ಗಾಳಿಯಾಡಬೇಕೆಂಬುದು ಆಕೆಗೆ ಗೊತ್ತಿದ್ದದ್ದೇ. ನಾನು ಬೀಸಣಿಗೆ ಹಿಡಿದು ಪಕ್ಕದಿಂದ ಬೀಸತೊಡಗಿದೆ. ಗೊರಗುಟ್ಟುವುದು ಮೆಲ್ಲಗೆ ಇಳಿಯಿತು. ಕುಂಚಿಗೆ ಹಿಂದೆ ಸರಿದು, ನಿದ್ದೆಗಣ್ಣಿನ ಒಂದು ಪುಟ್ಟ ಮುಖ ನಮ್ಮ ಕಡೆ ತಿರುಗಿತು.

ಸುಲೋಚನಾ ಪರದೆಗೆ ಮುಖ ತಾಗುವಷ್ಟು ಬಾಗಿದಳು. ಆಮೇಲೆ, "ನಮ್ಮವ್ವನ ಮಾರಿ ತಗೊಂಡು ಬಂದಾಳಲ್ಲ" ಎಂದಳು.

ನಾನೂ ನೋಡೋಣವೆಂದು ಬಗ್ಗಿದೆ. ಕೂಸು ಕಿಟಾರನೆ ಚೀರಿತು. "ಸರೀರಿ ಅತ್ಲಾಗ, ಅಂಜ್ಲತ್ತದ" ಎಂದು ಅಪ್ಪಣೆಯಾಯಿತು. ಚಿತ್ರದಿಂದ ಹೊರಗೆ ಕೂತು ಬೀಸಿದೆ. ಅಕ್ಕತಂಗಿಯರು ಭಾತಂಬ್ರಾದ ಒಂದೊಂದೇ ಮನೆಯ ಬಾಗಿಲು ಬಡಿದು ಸುಖದುಃಖ ವಿಚಾರಿಸುತ್ತ ಹೊರಟರು. ಹೊರಗೆ ಬಿಸಿಲು ಗವ್ವೆನ್ನುತ್ತಿತ್ತು. ಕಣ್ಣು ಮುಚ್ಚಿ ಬರುತ್ತಿತ್ತು, ಕೈ ಮಾತ್ರ ತನ್ನಷ್ಟಕ್ಕೆ ಆಡುತ್ತಿತ್ತು. ಎಲ್ಲಿಂದಲೋ ಕೂಸು ಕಿಲಕಿಲ ನಕ್ಕಿತು.

"ಅಕ್ಕಾ, ಬಾಜೂದಾಗ ಅದೇನು ಬಂದು ಬಂದು ಹೋಗ್ಲತ್ತದ? ಅದಕ್ಕ ನೋಡೇ ನಗ್ಲತ್ತಾಳ."

ಸುಲೋಚನಾ ಕೂಸಿನ ಮೇಲಿಂದ ಕಣ್ಣು ತೆಗೆಯದೆ, "ಏನಿಲ್ಲ. ಫ್ಯಾನ್" ಎಂದಳು.

ಮನೆಯ ಯಜಮಾನನನ್ನು ಹೀಗೆ ಪರಿಚಯಿಸಿದ್ದಕ್ಕೆ ತಕರಾರು ಎತ್ತಬೇಕೆನಿಸಿತು. ಆದರೆ ಫ್ಯಾನು ಮಾತಾಡಿದರೆ ಕೂಸು ಮತ್ತೆ ಅಂಜೀತು. ಬೀಸುತ್ತ ಕೂತೆ.