ಊಟವಾದ ಮೇಲಿನ ಕನ್ನಡ ಪಾಠ

ಹಲ್ಲುನೋವಿಗೆ ಮದ್ದು ಹೇಳದವರು, ಭಾಷೆ ಕಲಿಯುವ ಬಗ್ಗೆ ಸಲಹೆ ಕೊಡದವರು ನಮ್ಮಲ್ಲಿ ಯಾರೂ ಇಲ್ಲ. ಜೋರಾಗಿ ಕೂಗಿ ಹೇಳಿದರೆ ಪರಭಾಷೆಯವರಿಗೂ ಕನ್ನಡ ಅರ್ಥವಾಗುತ್ತದೆಂದು ನಮ್ಮ ಮನೆಯವರು ನಂಬಿದ್ದಾರೆ. ಬಸುರಿ ಎರಡು ಭಾಷೆ ಆಡಿದರೆ ಹೊಟ್ಟೆಯೊಳಗಿನ ಕೂಸಿಗೆ ಗಲಿಬಿಲಿಯಾಗಿ ಅದಕ್ಕೆ ಮಾತು ತಡವಾಗಿ ಬರುತ್ತದೆ ಎನ್ನುವುದು ಪಕ್ಕದ ಮನೆಯ ಶಾಂತಕ್ಕನ ಸಿದ್ಧಾಂತ. ಕನಸು ಯಾವ ಭಾಷೆಯಲ್ಲಿ ಬೀಳುತ್ತದೋ ಆ ಭಾಷೆ ನಮ್ಮದಾಯಿತು ಎನ್ನುವುದು ನನ್ನದು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಆದ್ದರಿಂದ ನನ್ನ ನಂಬಿಕೆಗಳಿಗೆ ತೂಕ ಜಾಸ್ತಿ. ಇವೆಲ್ಲಕ್ಕಿಂತ ದೊಡ್ಡದೊಂದು ನಂಬಿಕೆಯೂ ನನಗಿತ್ತು: ಪುಸ್ತಕದಲ್ಲಿರುವುದೇ ಕನ್ನಡ, ನಾವು ಮನೆಯಲ್ಲಿ ಆಡುವುದು ಅದು ಕೆಟ್ಟುಹೋದ ರೂಪ. ಹುಟ್ಟಿದ್ದು ಬಾಗಲಕೋಟೆಯ ಹತ್ತಿರದ ಕಮತಗಿಯಲ್ಲಾದರೂ ನೌಕರಿ ಸಿಕ್ಕ ದಿನವೇ ಅಲ್ಲಿಯ ಮಾತನ್ನು ಬಿಟ್ಟುಬಿಟ್ಟೆ. "ಹಾಲು ಉಕ್ಕುತ್ತಿದೆ, ದಯವಿಟ್ಟು ಒಲೆಯನ್ನು ಆರಿಸಿ" ಎಂದು ನಾನು ವಾಕ್ಯ ಮುಗಿಸುವಷ್ಟರಲ್ಲಿ ಹಾಲು ಕಟ್ಟೆಯಿಂದ ಇಳಿದು ನೆಲ ಮುಟ್ಟಿರುತ್ತಿತ್ತು.

ನನ್ನ ಮಗ ಸಂಗಮೇಶ ಬ್ಯಾಂಕಿನವನು. ಒಡಿಶಾದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯ ಹುಡುಗಿ ಮಿನತಿಯನ್ನು ಮದುವೆಯಾದ. ಬಾಗಲಕೋಟೆಗೆ ವರ್ಗವಾದಾಗ ವಿದ್ಯಾಗಿರಿಯ ನಮ್ಮ ಮನೆಗೇ ಕರೆದುಕೊಂಡು ಬಂದ. ಅವಳಿಗೆ ಒಡಿಯಾ ಬರುತ್ತಿತ್ತು, ಹಿಂದಿ ಬರುತ್ತಿತ್ತು, ಕನ್ನಡದ ಗಂಧವೂ ಇರಲಿಲ್ಲ. ಮೊದಲ ದಿನವೇ ನಮ್ಮ ಮನೆಯವರು ಓಣಿಗೆಲ್ಲ ಕೇಳುವಂತೆ, "ಚಹಾ! ಚಹಾ ಬೇಕೇನವಾ!" ಎಂದು ಕೂಗಿದರು. ಹುಡುಗಿ ಹೌಹಾರಿ ಎದ್ದು ನಿಂತಳು. ನಾನು ಅಂದೇ ಫರ್ಮಾನು ಹೊರಡಿಸಿದೆ: ಅವಳಿಗೆ ಶುದ್ಧ ಕನ್ನಡ ಬರುವವರೆಗೆ ಈ ಮನೆಯಲ್ಲಿ ಯಾರೂ ನಮ್ಮ ಒರಟು ಮಾತು ಆಡಕೂಡದು. "ಮತ್ತ ನಾ ಏನ ಮಾತಾಡ್ಲಿ?" ಎಂದು ಮನೆಯವರು ಕೇಳಿದರು. "ಸುಮ್ಮನಿರಿ" ಎಂದೆ. ಪಾಪ, ಕೆಲವು ದಿನ ಸುಮ್ಮನೇ ಇದ್ದರು. ಆಮೇಲೆ ಒಂದು ಸಂಜೆ ತಡೆಯಲಾರದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದು ಲೋಟ ಚಹಾ ದೊರೆಯಬಹುದೇ?" ಎಂದರು. ಆ ದನಿಯಲ್ಲಿದ್ದ ದುಃಖ ನೆನೆದರೆ ಈಗಲೂ ನಗು ಬರುತ್ತದೆ.

ಪಾಠ ನಡೆಯುತ್ತಿದ್ದದ್ದು ಮಧ್ಯಾಹ್ನ, ಊಟವಾದ ಮೇಲೆ. ನಮ್ಮ ಊರಿನ ಮಧ್ಯಾಹ್ನ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲು ಪರದೆಯನ್ನು ದಾಟಿ ಒಳಗೆ ಬಂದು ನೆಲದ ಮೇಲೆ ಹಳದಿಯಾಗಿ ಮಲಗಿರುತ್ತದೆ. ಫ್ಯಾನು ತನ್ನಷ್ಟಕ್ಕೆ ತಾನು ಏನೋ ಗೊಣಗುತ್ತಿರುತ್ತದೆ. ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಗಾಳಿ ಬಂದ ಹಾಗೆ ಆಗುತ್ತದೆ, ಬಂದಿರುವುದಿಲ್ಲ. ಹೊಟ್ಟೆಯಲ್ಲಿ ಜೋಳದ ರೊಟ್ಟಿ, ಮೇಲೊಂದು ಲೋಟ ಮಜ್ಜಿಗೆ. ನಾನು ತೂಗುಮಂಚದ ಮೇಲೆ ಒರಗಿಕೊಂಡು, ಕೆಳಗೆ ಚಾಪೆಯ ಮೇಲೆ ಕುಳಿತ ಮಿನತಿಗೆ "ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ಅವಳು ಹೋಗುತ್ತಾಳೆ" ಎಂದು ಹೇಳಿಕೊಡುತ್ತಿದ್ದೆ. ಅವಳು ಹೋಗುವ ಹೊತ್ತಿಗೆ ನಾನೇ ಹೋಗಿಬಿಟ್ಟಿರುತ್ತಿದ್ದೆ. ಮಂಚ ತೂಗುತ್ತಿತ್ತು, ಅದರ ಜೊತೆ ನಾನೂ ಎಲ್ಲೆಲ್ಲಿಗೋ ತೂಗಿಕೊಂಡು ಹೋಗುತ್ತಿದ್ದೆ: ಕಮತಗಿಯ ಮನೆಯ ಅಂಗಳ, ಅಲ್ಲಿ ಜೋಳ ಹಸನು ಮಾಡುತ್ತ ಕುಳಿತ ಅವ್ವ, ಅವಳ ಇಳಕಲ್ಲ ಸೀರೆಯ ಕೆಂಪು ಸೆರಗು. ಎಚ್ಚರವಾದಾಗ ಮಿನತಿ ಕದಲದೆ ಕುಳಿತು ನನ್ನ ಮುಖವನ್ನೇ ನೋಡುತ್ತಿರುತ್ತಿದ್ದಳು. ಎಂಥ ವಿಧೇಯ ಶಿಷ್ಯೆ ಎಂದು ನನಗೆ ಒಳಗೊಳಗೇ ಸಂತೋಷ. "ನಿನಗೆ ಕನಸು ಯಾವ ಭಾಷೆಯಲ್ಲಿ ಬೀಳುತ್ತಿದೆ?" ಎಂದು ದಿನಾ ವಿಚಾರಿಸುತ್ತಿದ್ದೆ. "ಇನ್ನೂ ಒಡಿಯಾ" ಎಂದು ಅವಳು ತಲೆ ತಗ್ಗಿಸುತ್ತಿದ್ದಳು.

ಹುಡುಗಿ ಚುರುಕು. ಕೆಲವೇ ತಿಂಗಳಲ್ಲಿ ಅವಳ ಕನ್ನಡ ಅಚ್ಚು ಹಾಕಿಸಿದ ಹಾಗಾಯಿತು. "ಅಣ್ಣನವರೇ, ಈ ಬದನೆಕಾಯಿಗಳ ಬೆಲೆಯನ್ನು ತಿಳಿಸುವಿರಾ?" ಎಂದು ಕೇಳಿದರೆ ಕಾಯಿಪಲ್ಲೆ ಮಾರುವವನು ತಲೆಗೆ ಸುತ್ತಿದ್ದ ಟವೆಲು ತೆಗೆದು ಎದ್ದು ನಿಲ್ಲುತ್ತಿದ್ದ. ಕಟ್ಟೆಯ ಮೇಲೆ ಗೆಳತಿಯರ ಜೊತೆ ಹರಟುತ್ತಿದ್ದ ಶಾಂತಕ್ಕ ಇವಳನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡು, ಒಳಗಿನಿಂದ ಕುರ್ಚಿ ತಂದು ಹಾಕಿ, "ಕೂಡ್ರಿ ಮೇಡಂ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ಮಿನತಿ ಬಸುರಾಗಿದ್ದಳು, ಮೊಮ್ಮಗುವಿನ ಕನಸಿನಲ್ಲಿ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಆಗಲೇ ಒಂದು ಸಂಜೆ ಅವಳು ಸಂಗಮೇಶನಿಗೆ ಹಿಂದಿಯಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಇಲ್ಲಿ ಎಲ್ಲರೂ ನನಗೆ ಮರ್ಯಾದೆ ಕೊಡುತ್ತಾರೆ, ಒಬ್ಬರೂ ಮಾತಾಡಿಸುವುದಿಲ್ಲ. ವಾಪಸು ಒಡಿಶಾಕ್ಕೆ ವರ್ಗ ಕೇಳು, ಹೋಗಿಬಿಡೋಣ." ಮಗ ಆಗಲಿ ಎಂದ. ಸೊಸೆ ಹೋದರೆ ಮೊಮ್ಮಗುವೂ ಹೋಯಿತು. ಆಮೇಲೆ ಅದನ್ನು ಫೋನಿನಲ್ಲಿ ನೋಡಬೇಕು. ರಾತ್ರಿಯೆಲ್ಲ ಹೊರಳಾಡಿ ನಾನು ಕಂಡುಕೊಂಡದ್ದೇನು? ಹುಡುಗಿಗೆ ವ್ಯಾಕರಣ ಸಾಲದು! ಮರುದಿನದಿಂದ ಸಂಧಿ, ಸಮಾಸ ಶುರು ಮಾಡಿದೆ.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿದ ಮೇಲೆ ಹೆಂಗಸರೆಲ್ಲ ಸುತ್ತುಗಟ್ಟಿ ಅವಳಿಂದ ಗಂಡನ ಹೆಸರು ಹೇಳಿಸುವುದು ನಮ್ಮ ಕಡೆಯ ರೂಢಿ. ಬರೀ ಹೆಸರು ಹೇಳಿದರೆ ಬಿಡುವುದಿಲ್ಲ, ಪ್ರಾಸ ಕಟ್ಟಿ ಒಡಪು ಹಾಕಿ ಹೇಳಬೇಕು. ನಾನೇ ಒಂದು ರಚಿಸಿ ಬಾಯಿಪಾಠ ಮಾಡಿಸಿದ್ದೆ: "ಶರಧಿಗೆ ಚಂದಿರ, ವನಕೆ ಕುಸುಮಸೌರಭ ವಿಶೇಷ, ಎನ್ನ ಹೃದಯಮಂದಿರಕೆ ದೀಪವೇ ಶ್ರೀ ಸಂಗಮೇಶ." ಕುರ್ಚಿಯ ಮೇಲೆ ಕುಳಿತ ಮಿನತಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಕಮತಗಿಯಿಂದ ಬಂದಿದ್ದ ನನ್ನ ಅಕ್ಕ ಏನೋ ಮಂತ್ರ ಮುಗಿಯಿತೆಂದುಕೊಂಡು ಕೈ ಮುಗಿದಳು. "ಭಾಳ ಛಲೋ ಹೇಳಿದ್ರಿ ಮೇಡಂ" ಎಂದಳು ಶಾಂತಕ್ಕ. ಮಿನತಿಯ ಮುಖ ಬಾಡಿದ್ದನ್ನು ನಾನು ಕಂಡೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಉಸಿರೆಳೆದುಕೊಂಡಳು, ದನಿ ಎತ್ತಿದಳು:

"ಎಚ್ಚರಿದ್ದಾಗ ಪಾಠ ಹೇಳ್ತಾರ, ನಿದ್ದ್ಯಾಗ ಮಾತ ಕಲಸ್ತಾರ ನಮ್ಮತ್ತಿ,
ಹಂಗೂ ಹಿಂಗೂ ಕಲ್ತ ಬಿಟ್ಟೇನಿ ನಾ, ಸಂಗಮೇಶನ ಹೆಂಡ್ತಿ!"

ಆಮೇಲೆ ಎದ್ದ ಗದ್ದಲಕ್ಕೆ ಹೊರಗಿದ್ದ ಗಂಡಸರು ಬಾಗಿಲಲ್ಲಿ ಇಣುಕಿದರು. "ಅಯ್ಯ ನಮ್ಮವ್ವ! ಇಕಿ ನಮ್ಮಾಕಿನ ಅದಾಳಲ್ಲ!" ಎಂದು ಶಾಂತಕ್ಕ ಅವಳನ್ನು ಕುರ್ಚಿಯಿಂದ ಇಳಿಸಿ ಜಮಖಾನೆಯ ಮೇಲೆ ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು. "ನಿದ್ದ್ಯಾಗ ಏನ ಕಲಸ್ತಾಳಬೇ ನಿಮ್ಮತ್ತಿ? ಹೇಳ, ಹೇಳ!" ಮಿನತಿ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಸಣ್ಣಗೆ ಗೊರಕೆ ಹೊಡೆದು ತೋರಿಸಿದಳು. ಆಮೇಲೆ ಅಳುವ ದನಿ ತೆಗೆದಳು. "ಯವ್ವಾ, ನಾ ಸಾಲಿಗಿ ಒಲ್ಲೆ! ಹೊಟ್ಟಿ ನೋಯಾಕತ್ತೈತಿ ಬೇ! ನಾಳಿ ಹೋಗ್ತೇನಿ, ಖರೇನ!"

ಅಕ್ಕ ಬಿದ್ದು ಬಿದ್ದು ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ಖರೇನ ಹಂಗ ಅಳ್ತಿದ್ಲವಾ ಇಕಿ. ಅವ್ವ ದಿನಾ ಎತ್ತಿಕೊಂಡ ಹೋಗಿ ಸಾಲಿ ಬಾಗಲದಾಗ ಇಳಿಸಿ ಬರ್ತಿದ್ಲು." ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನಿಸಿತು. ಕಂಡವರ ಮಕ್ಕಳನ್ನೆಲ್ಲ ಶಾಲೆ ತಪ್ಪಿಸಬೇಡಿ ಎಂದು ಗದರಿಸಿದ ಬಾಯಿ ಇದು! ಆದರೆ ನಾಚಿಕೆಯ ಹಿಂದೆಯೇ ಅವ್ವ ನೆನಪಾದಳು. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಅವಳ ಜೊತೆ ಆಡಿದ ಮಾತು ಸತ್ತೇಹೋಯಿತು ಎಂದುಕೊಂಡಿದ್ದೆ. ಒಡಿಶಾದ ಹುಡುಗಿಯೊಬ್ಬಳು ಅದನ್ನು ನನ್ನ ನಿದ್ದೆಯ ಕನವರಿಕೆಯಿಂದ ಒಂದೊಂದಾಗಿ ಹೆಕ್ಕಿಟ್ಟುಕೊಂಡಿದ್ದಳು.

ಈಗ ಶಾಂತಕ್ಕನ ಕಟ್ಟೆಯ ಮೇಲೆ ಸಂಜೆ ಕುರ್ಚಿ ಬರುವುದಿಲ್ಲ, ಮಿನತಿ ಕಾಲು ಚಾಚಿ ಕುಳಿತಿರುತ್ತಾಳೆ. ಮನೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಡಿಯಾದಲ್ಲಿ ಏನೋ ಗುನುಗುತ್ತಾಳೆ. ಕೇಳಲಿ ಬಿಡಿ, ಕೂಸಿಗೆ ಎರಡು ಕಿವಿ ಇವೆ. ಮೊನ್ನೆ ಸಂಗಮೇಶ ವರ್ಗಕ್ಕೆ ಬರೆದುಕೊಡಲೇ ಎಂದು ಹಿಂದಿಯಲ್ಲಿ ಕೇಳಿದ. ಅವಳು ಬಟಾಣಿ ಸುಲಿಯುತ್ತ, ತಲೆ ಎತ್ತದೆ, "ನಾ ಒಲ್ಲೆ" ಎಂದಳು. ನಾನು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

ಮಲಗಿಕೊಂಡು ಭಾಷೆ ಕಲಿಯಬಹುದು ಎಂದು ನಂಬುವವರಿದ್ದಾರಂತೆ. ಅದು ನನಗೆ ತಿಳಿಯದು. ಆದರೆ ಮಲಗಿಕೊಂಡು ಕಲಿಸಬಹುದು ಎಂದು ಗೊತ್ತಾದ ಮೇಲೆ ನನ್ನ ಜವಾಬ್ದಾರಿ ಹೆಚ್ಚಿತು. ನಿನ್ನೆ ಮಧ್ಯಾಹ್ನ ಎಷ್ಟು ಹೊರಳಿದರೂ ನಿದ್ದೆ ಹತ್ತಲಿಲ್ಲ, ಕೆಳಗೆ ಮಿನತಿ ಕಾಯುತ್ತ ಕುಳಿತಿದ್ದಳು. ಅವಳಿಗೆ ಪಾಠ ತಪ್ಪಬಾರದಲ್ಲ ಎಂದು ನಾನು ಕಣ್ಣು ಮುಚ್ಚಿ, ಒಂದೆರಡು ಗೊರಕೆ ಹೊಡೆದು, ಬಾಯಿ ತೆರೆದೆ. "ಅಮ್ಮಾ, ಇಂದು ನಾನು ಶಾಲೆಗೆ ಹೋಗಲು ಇಚ್ಛಿಸುವುದಿಲ್ಲ" ಎಂದು ಬಂತು.

ಮಿನತಿ ಕೈಚಾಚಿ ಮಂಚವನ್ನು ಮೆಲ್ಲಗೆ ತೂಗಿದಳು. "ನಾಟಕ ಮಾಡಬ್ಯಾಡ್ರಿ ಅತ್ತಿ," ಎಂದಳು. "ಖರೇನ ಮಲಕೋರಿ. ಪಾಠಕ್ಕ ಹೊತ್ತಾಗಾಕತ್ತೈತಿ."