ಅತ್ತೆಯವರ ಅಪೀಲು

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ಧಾರಾಳವಾಗಿ ಹೇಳಿಕೊಳ್ಳಬಹುದು, ಅರ್ಜಿಗೆ ಸ್ಟಾಂಪು ಹಚ್ಚಿರಬೇಕು ಅಷ್ಟೆ. ಎಪ್ಪತ್ತರ ದಶಕದಲ್ಲಿ ತುಮಕೂರಿಗೆ ಬರುವ ಸರಕಿಗೆ ಊರಾಚೆಯ ನಾಕಾದಲ್ಲಿ ಸುಂಕ ಕಟ್ಟಬೇಕಿತ್ತು. ಕಟ್ಟದೆ ಸಿಕ್ಕಿಬಿದ್ದರೆ ದಂಡ. ದಂಡ ಅನ್ಯಾಯವೆಂದವರ ಅಪೀಲು ಓದಿ ಸಾಹೇಬರಿಗೆ ಟಿಪ್ಪಣಿ ಬರೆಯುವ ಗುಮಾಸ್ತ ನಾನು. ಜನರ ಸುಖದುಃಖ ಕೇಳುವುದಕ್ಕೇ ನನಗೆ ಸಂಬಳ. ಕೇಳಿ ಕೇಳಿ ಕಲ್ಲಾಗಿದ್ದೆ. ‘ವಿವರಣೆ ನಂಬಲರ್ಹವಲ್ಲ’ ಎಂದು ನಿದ್ದೆಗಣ್ಣಲ್ಲೂ ಬರೆಯುತ್ತಿದ್ದೆ. ಒಮ್ಮೆ ದೊಡ್ಡ ಮಗನ ಶಾಲೆಯ ರಜಾಚೀಟಿಯ ಮೇಲೂ ಬರೆದುಬಿಟ್ಟೆ.

ಹೀಗಿರುವಾಗ ನನ್ನ ಹೆಂಡತಿ ಎರಡನೆಯ ಬಾಣಂತನಕ್ಕೆ ತವರಾದ ಗುಬ್ಬಿಗೆ ಹೋದಳು. ಅವಳು ಮರಳುವ ಮೊದಲೇ ಮನೆಗೆ ತೊಟ್ಟಿಲು ತಲುಪಿಸಲು ಅತ್ತೆಯವರು ಬಸ್ಸು ಹತ್ತಿದರು. ನಾಕಾದವನು ಬಸ್ಸಿನ ಟಾಪು ಹತ್ತಿ ತೊಟ್ಟಿಲನ್ನು ಸುಮ್ಮನೆ ಅಲುಗಿಸಿದನಂತೆ. ಅದು ಗಡಗಡ ಎಂದಿತು. ಹಾಸಿದ ಬಟ್ಟೆಯ ಕೆಳಗೆ ತೊಟ್ಟಿಲ ತುಂಬ ಒಣಗಿದ ತೆಂಗಿನಕಾಯಿ! ಕಾಯಿ ಒಣಗಿದರೆ ಕರಟದೊಳಗೆ ಕೊಬ್ಬರಿ ಸದ್ದು ಮಾಡುತ್ತದೆಂಬುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಅತ್ತೆಯವರಿಗೆ ಮಾತ್ರ ಆ ಹೊತ್ತಿಗೆ ಮರೆತಿತ್ತು.

ದಂಡ ಬಿತ್ತು. ಅತ್ತೆಯವರು ಅಪೀಲು ಹಾಕಿದರು. ಫೈಲು ನನ್ನ ಮೇಜಿಗೇ ಬಂತು. ಅಮ್ಮನ ದಂಡ ರದ್ದಾಗದಿದ್ದರೆ ತಾನೂ ಮಗುವೂ ಗುಬ್ಬಿಯಲ್ಲೇ ಇರುವುದಾಗಿ ಹೆಂಡತಿ ಹೇಳಿಕಳಿಸಿದಳು. ಮಗುವಿನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಇವರು ನನ್ನ ಅತ್ತೆ ಎಂದು ಸಾಹೇಬರಿಗೆ ಹೇಳುವ ಧೈರ್ಯವೂ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ‘ವಿವರಣೆ ಪರಿಶೀಲನೆಗೆ ಅರ್ಹ’ ಎಂದು ಬರೆದೆ. ಸಾಹೇಬರು ನನ್ನ ಹಣೆ ಮುಟ್ಟಿ ನೋಡಿ, ಜ್ವರವೇ ಎಂದು ಕೇಳಿದರು.

ವಿಚಾರಣೆಯ ದಿನ ಸಾಹೇಬರು, ಕಾಯಿ ಬಚ್ಚಿಟ್ಟಿದ್ದೇಕೆ ಎಂದರು.

“ಬಚ್ಚಿಡೋದೇನು ಬಂತು ಸ್ವಾಮಿ? ಮೊದಲ್ನೇ ಮಗೀಗೂ ನಮ್ಮ ಅಳಿಯಂದಿರು ಇದೇ ತೊಟ್ಲಲ್ಲಿ ತುಂಬ್ಕೊಂಡ್ ಬಂದ್ರು. ಸುಂಕದ ಆಪೀಸ್ನೋರೇ ತಂದ್ಮೇಲೆ ಇದೇ ರೂಲು ಅನ್ಕೊಂಡೆ.”

ಆಗ ಸದ್ದಾಗಲಿಲ್ಲವೇ ಎಂದು ಸಾಹೇಬರು ಕುತೂಹಲದಿಂದ ಕೇಳಿದರು.

“ಅವ್ರು ಓದ್ದೋರು ಸ್ವಾಮಿ. ಕರಟ ಒಡ್ದು, ಬರೀ ಕೊಬ್ರಿ ತಂದಿದ್ರು.”

ಯಾರು ನಿಮ್ಮ ಅಳಿಯ ಎಂದದ್ದಕ್ಕೆ ಅತ್ತೆಯವರು ಹೆಸರು ಹೇಳಲಿಲ್ಲ. ಮರ್ಯಾದೆಯಿಂದ ಸೆರಗು ಹೊದ್ದು, ಗದ್ದವನ್ನು ನನ್ನ ಕಡೆ ತಿರುಗಿಸಿದರು.

ಅತ್ತೆಯವರದು ಶುದ್ಧ ನಂಬಿಕೆಯೆಂದು ಅವರ ದಂಡ ರದ್ದಾಯಿತು. ಹಳೆಯ ಕೊಬ್ಬರಿಯ ಲೆಕ್ಕದಲ್ಲಿ ದಂಡ ನನಗೆ ಬಿತ್ತು. ಹೆಂಡತಿ ನಗುನಗುತ್ತಾ ಮಗುವಿನೊಡನೆ ಬಂದಳು. ಆ ಮುಖ ನೋಡಿ ದಂಡವೇನೋ ಮರೆತೆ. ಆದರೆ ಅಪೀಲಿನ ಹಕ್ಕು ನನಗೂ ಇತ್ತಲ್ಲ, ಬಿಡುವುದೇಕೆ? ತೊಟ್ಟಿಲಲ್ಲಿ ಕೊಬ್ಬರಿ ಇದ್ದದ್ದು ನನಗೆ ತಿಳಿದೇ ಇರಲಿಲ್ಲ ಎಂದು ಮನ ಕರಗುವಂತೆ ಒಂದು ಪುಟ ಬರೆದೆ. ಸ್ಟಾಂಪು ಹಚ್ಚಿದೆ. ಆಮೇಲೆ ಕೈ ತನ್ನ ಅಭ್ಯಾಸದಂತೆ ಕೆಳಗೊಂದು ಸಾಲು ಗೀಚಿತು: ‘ವಿವರಣೆ ನಂಬಲರ್ಹವಲ್ಲ.’ ಸಾಹೇಬರಿಗೆ ರುಜು ಹಾಕುವುದಷ್ಟೇ ಉಳಿದಿತ್ತು.