ನಾನು ಬಂದರು ನಿಲ್ಲಿಸಿದ್ದು

ಕೊಚ್ಚಿ ಬಂದರಿನಲ್ಲಿ ಒಂದು ಬೆಳಿಗ್ಗೆ ಕೆಲಸವೆಲ್ಲ ಇದ್ದಕ್ಕಿದ್ದಂತೆ ನಿಂತುಹೋದದ್ದು ನನ್ನ ಬಾಯಿಯ ದೆಸೆಯಿಂದ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಕೊಯಮತ್ತೂರಿನ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಆಡುವವರು ಮನೆ ತುಂಬ ಇದ್ದಾರೆ, ಓದಬಲ್ಲವರು ನಾನು ಮತ್ತು ಇನ್ನೊಬ್ಬ ಅಜ್ಜ ಮಾತ್ರ. ಆ ಅಜ್ಜನಿಗೆ ಈಗ ಕಣ್ಣು ಮಂಜು. ಆದ್ದರಿಂದ ಧೈರ್ಯವಾಗಿ ಬರೆಯಬಹುದು.

ಇನ್ನೊಬ್ಬರ ದನಿ ನನಗೆ ನೆಗಡಿಯ ಹಾಗೆ ಅಂಟುತ್ತದೆ. ನಮ್ಮಜ್ಜಿಯ ಕೆಮ್ಮು, ಶಾಲೆಯ ವಾಧ್ಯಾರರ ಗದರಿಕೆ, ಎದುರುಮನೆಯವರ ಗೊರಕೆ, ಯಾವುದೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಆದರೆ ಚಿಕ್ಕಂದಿನಲ್ಲಿ ನನಗೆ ಹೆಸರು ತಂದದ್ದು ರಂಗಜ್ಜನ ದನಿ. ನಮ್ಮಲ್ಲಿ ಬೆಳಿಗ್ಗೆ ಬೀದಿಯುದ್ದಕ್ಕೂ ಪಾವು ಹಾಕುತ್ತಾರೆ. ಮಗ್ಗಕ್ಕೆ ಏರುವ ಮೊದಲು ಹಾಸುನೂಲನ್ನು ಕೋಲುಗಳ ಮೇಲೆ ಬಿಗಿದು ಗಂಜಿ ಹಚ್ಚುವ ಕೆಲಸ. ಯಾರಾದರೂ ಅಡ್ಡ ನುಗ್ಗಿದರೆ ಒಂದು ಮನೆಯ ತಿಂಗಳ ದುಡಿಮೆ ಹರಿದುಹೋಗುತ್ತದೆ. ಅದಕ್ಕೇ ಬೀದಿಯ ಹಿರಿಯ ರಂಗಜ್ಜ “ನಿಲ್ರೋ” ಎಂದು ಕೂಗಿದರೆ ಗಾಡಿ, ದನ, ಮನುಷ್ಯ ಎಲ್ಲವೂ ನಿಂತಲ್ಲೇ ನಿಲ್ಲಬೇಕು. ಹತ್ತು ವರ್ಷದವನಿದ್ದಾಗ ನಾನು ಕಂಬದ ಹಿಂದಿನಿಂದ ಆ ದನಿಯಲ್ಲಿ ಒಮ್ಮೆ ಕೂಗಿದೆ. ಒಂದು ಜಟಕಾ, ಎರಡು ಎಮ್ಮೆ, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತ ಒಬ್ಬಾಕೆ ಅಲುಗದೆ ನಿಂತರು. ಬೀದಿಯಲ್ಲಿ ಪಾವು ಇರಲೇ ಇಲ್ಲ. ಸ್ವಲ್ಪ ಹೊತ್ತು ನೋಡಿ, ಬೈದುಕೊಂಡು, ಅವರವರ ದಾರಿ ಹಿಡಿದರು. ನಿಲ್ಲಿಸುವುದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ಅಂದು ಕಲಿತೆ. ಆ ಪಾಠವೇ ಕೊಚ್ಚಿಯಲ್ಲಿ ನನ್ನನ್ನು ಮುಳುಗಿಸಿತು.

ದೊಡ್ಡವನಾದ ಮೇಲೆ ನನ್ನನ್ನು ಸೋದರಮಾವ ವೀರಣ್ಣನವರ ಫೋಟೋ ಅಂಗಡಿಗೆ ಸೇರಿಸಿದರು. ಮಗ್ಗದ ಮುಂದೆ ಕೂತರೆ ನಾನು ಲಾಳಿಯ ಸದ್ದನ್ನೂ ಅಣಕಿಸುತ್ತಿದ್ದೆ, ಬಟ್ಟೆ ಮಾತ್ರ ಆಗುತ್ತಿರಲಿಲ್ಲ. ಮಾವನದು ಹಳೆಯ ಮರದ ಕ್ಯಾಮೆರಾ. ಗಾಜಿನ ಪ್ಲೇಟು ಒಂದು ಚೌಕಟ್ಟಿನೊಳಗೆ ಇರುತ್ತದೆ, ಅದರ ಮುಂದೆ ಬೆಳಕು ತಾಕದಂತೆ ಒಂದು ತೆಳ್ಳನೆಯ ತಗಡು. ತಗಡನ್ನು ಎಳೆಯಬೇಕು, ಆಮೇಲೆ ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು ಎಣಿಸಬೇಕು. “ಮೊದ್ಲು ತಗಡು, ಅಪ್ಪುರಂ ಮುಚ್ಚಳ” ಎಂದು ಮಾವ ನಶ್ಯ ತುಂಬಿದ ಮೂಗಿನಲ್ಲಿ ಹೇಳುತ್ತಿದ್ದರು. ಅವರು ಹೊರಗೆ ಹೋದ ಕೂಡಲೇ ಅದೇ ಮೂಗಿನಲ್ಲಿ ನಾನೂ ಹೇಳುತ್ತಿದ್ದೆ. ಪಟ ತೆಗೆಸಲು ಬಂದ ಮದುಮಕ್ಕಳು ಅಷ್ಟಕ್ಕೇ ನಗುತ್ತಿದ್ದರು. ಅದರಿಂದ ಪಟಗಳೂ ಚೆನ್ನಾಗಿ ಬರುತ್ತಿದ್ದವು.

ಹೀಗಿರಲು ಗಿರಣಿಯ ಯಜಮಾನರೊಬ್ಬರಿಗೆ, ಕಡಲಾಚೆಯ ಹತ್ತಿ ಹಡಗಿನಿಂದ ಇಳಿಯುವ ಪಟ ತಮ್ಮ ಹಜಾರಕ್ಕೆ ಬೇಕು ಅನ್ನಿಸಿತು. ಪೋತನೂರಿನಲ್ಲಿ ರೈಲು ಹತ್ತಿದೆವು. ಮಾವನ ತೊಡೆಯ ಮೇಲೆ ಮೂರೇ ಮೂರು ಪ್ಲೇಟುಗಳ ಪೆಟ್ಟಿಗೆ, ನನ್ನ ತೊಡೆಯ ಮೇಲೆ ಕ್ಯಾಮೆರಾ. ನಾನು ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ನೊಯ್ಯಲ್ ಹೊಳೆಯದು, ಅದೂ ವರ್ಷದಲ್ಲಿ ಹದಿನೈದು ದಿನ. ಕೊಚ್ಚಿಯಲ್ಲಿ ನೋಡಿದರೆ ನೀರಿನ ಮೇಲೆ ಚಾಚಿದ ಧಕ್ಕೆಯ ಹಲಗೆಗಳ ಸಂದಿನಲ್ಲಿ, ನನ್ನ ಕಾಲ ಕೆಳಗೇ, ಕಪ್ಪು ನೀರು ಉಸಿರಾಡುತ್ತಿತ್ತು. ಮಾವನಿಗೂ ನೀರೆಂದರೆ ಆಗದು. ಅವರು ದಡದಲ್ಲಿ ಕೊಡೆ ಬಿಚ್ಚಿ ಕೂತು, ಭಯ ಮರೆಯಲು ಚರಿತ್ರೆ ಹೇಳತೊಡಗಿದರು. ಮೆಣಸಿಗಾಗಿ ಅರಬರು ಬಂದರಂತೆ, ಆಮೇಲೆ ಪೋರ್ಚುಗೀಸರು, ಅವರನ್ನು ಓಡಿಸಿ ಡಚ್ಚರು. ಬಂದರಿನ ಬಾಯಿಗೆ ಮರಳಿನ ದಿಬ್ಬ ಅಡ್ಡವಿದ್ದು ದೊಡ್ಡ ಹಡಗುಗಳು ಹೊರಗಿನ ಕಡಲಲ್ಲೇ ನಿಲ್ಲಬೇಕಾಗಿತ್ತಂತೆ. ಅದನ್ನು ಕಡಿದ ಮೇಲೆಯೇ ಒಳಗೆ ಬರುತ್ತಿರುವುದು. ಇನ್ನು ಕೆಲವೇ ವರ್ಷಗಳಲ್ಲಿ ಹಡಗು ನೇರವಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ, ದೋಣಿಗಳಿಗೆ ಸರಕು ಇಳಿಸುವ ಈ ನೋಟ ಮತ್ತೆ ಸಿಕ್ಕದು, ನೋಡಿ ತೆಗೆ ಎಂದರು.

ನೋಡಿಯೇ ತೆಗೆದೆ. ಆದರೆ ಮೋಡದ ದಿನ. ಮುಚ್ಚಳ ತೆಗೆದು ನಾಲ್ಕು ಎಣಿಸಬೇಕು. ನಾಲ್ಕು ಎಣಿಸುವಷ್ಟರಲ್ಲಿ ಕೂಲಿಗಳು ಬಗ್ಗಿ, ಎದ್ದು, ತಿರುಗಿ ಆಗಿರುತ್ತಿತ್ತು. ಎರಡು ಪ್ಲೇಟು ಮುಗಿಯಿತು. ಇಂಥ ಪಟದಲ್ಲಿ ಆಳುಗಳು ಹೊಗೆಯಾಗಿ ಬರುತ್ತಾರೆ, ನಮ್ಮ ಹತ್ತಿಯನ್ನು ದೆವ್ವಗಳು ಇಳಿಸುತ್ತವೆಯೇ ಎಂದು ಯಜಮಾನರು ಕೇಳುತ್ತಾರೆ ಎಂದು ಮಾವ ದಡದಿಂದಲೇ ಕೊರಗಿದರು. ಉಳಿದದ್ದು ಒಂದೇ ಪ್ಲೇಟು.

ಬಂದರಿನ ಮೇಲ್ವಿಚಾರಣೆಯ ಬಿಳಿಯ ದೊರೆಯೊಬ್ಬ ಬೆಳಿಗ್ಗೆಯಿಂದ ಮೋಟಾರು ದೋಣಿಯಲ್ಲಿ ಸುತ್ತುತ್ತ ಆಗಾಗ “ಸ್ಟಾಪ್” ಎಂದು ಗುಡುಗುತ್ತಿದ್ದ. ಆ ಗುಡುಗು ಆಗಲೇ ನನ್ನ ಗಂಟಲಿಗೆ ಇಳಿದಿತ್ತು. ದೊರೆಯ ದೋಣಿ ಹಡಗಿನ ಆಚೆ ಮರೆಯಾದದ್ದನ್ನು ನೋಡಿ, ಎರಡು ಕೈ ಬಾಯಿಗೆ ಹಿಡಿದು ಕೂಗಿಯೇಬಿಟ್ಟೆ.

ಬಂದರು ನಿಂತಿತು. ಹಡಗಿನಿಂದ ಮೂಟೆ ಇಳಿಸುವ ಯಂತ್ರ ನಿಂತಿತು, ಹಗ್ಗ ನಿಂತಿತು, ನಾಲ್ಕು ಹತ್ತಿಮೂಟೆಗಳು ಆಕಾಶದಲ್ಲಿ ನಿಂತವು. ಅವುಗಳ ನೇರ ಕೆಳಗೆ, ದೋಣಿಯಲ್ಲಿ ಒಬ್ಬ ಮುದುಕ ಎರಡು ಕೈ ಮೇಲೆತ್ತಿ ನಿಂತ. ನಾನು ಮುಚ್ಚಳ ತೆಗೆದು, ರಾಜನ ಹಾಗೆ ನಿಧಾನವಾಗಿ ನಾಲ್ಕು ಎಣಿಸಿ, ಮುಚ್ಚಿದೆ. ಇನ್ನು ಅವರವರ ದಾರಿ ಹಿಡಿಯುತ್ತಾರೆ ಎಂದು ಕಾದೆ. ಯಾರೂ ಅಲುಗಲಿಲ್ಲ. ಆಗ ನೆನಪಾಯಿತು: ನಿಲ್ಲಿಸುವುದು ದೊರೆಯ ದನಿ, ಮತ್ತೆ ನಡೆಸುವುದು ಅವನ ಸೀಟಿ. ಸೀಟಿ ಊದದೆ ಇಲ್ಲಿ ಯಾರೂ ಉಸಿರೂ ಬಿಡುವುದಿಲ್ಲ.

ಸಿಳ್ಳೆ ಹಾಕಲು ಹೋದೆ. ಬಾಯಿ ಒಣಗಿ ಬರೀ ಗಾಳಿ ಬಂತು. ಮೇಲೆ ಹಗ್ಗ ಕಿರ್ರೆಂದಿತು. ಅಲೆಗೆ ದೋಣಿ ಓಲಾಡಿದಾಗಲೆಲ್ಲ ಮುದುಕ ಎತ್ತಿದ ಕೈ ಇಳಿಸದೆ ಕಾಲು ಅಗಲಿಸಿ ನಿಲ್ಲುತ್ತಿದ್ದ. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಸುತ್ತ ಮೂಟೆಗಳೇ. ಹಗ್ಗ ಹರಿದರೆ ಎಂಬ ಯೋಚನೆ ಬಂದದ್ದೇ ತಡ, ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಅಡಗಿಕೊಂಡೆ. ಕೈ ತಾನಾಗಿ ಚೌಕಟ್ಟನ್ನು ಕಳಚಿ, ಮುಚ್ಚಳ ತೆರೆಯಿತು. ಕ್ಯಾಮೆರಾದ ಹಿಂಬದಿಯ ಮಸಕುಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಕೂಲಿಗಳ ಮೇಸ್ತ್ರಿ ಕಾಲು ಮೇಲೆ, ಮೀಸೆ ಕೆಳಗೆ ಮಾಡಿಕೊಂಡು ನನ್ನತ್ತಲೇ ಬರುತ್ತಿದ್ದ, ಬರಬರುತ್ತ ದೊಡ್ಡದಾಗುತ್ತಿದ್ದ. ಜೈಲು, ಒಡೆದ ಕ್ಯಾಮೆರಾ, ಅಜ್ಜಿಯ ಅಳು ಎಲ್ಲ ಆ ಗಾಜಿನಲ್ಲೇ ಕಂಡೆ. ಅವನು ಬಟ್ಟೆ ಎತ್ತಿ, ಕೂಗಿದ್ದು ಯಾರು ಎಂದು ಕೇಳಿದ. ನಾನು ಕದ್ದಿಟ್ಟಿದ್ದ ದನಿಗಳೆಲ್ಲ ಆ ಗಳಿಗೆಯಲ್ಲಿ ಅವರವರ ಮನೆಗೆ ಹೋಗಿಬಿಟ್ಟಿದ್ದವು. ನನ್ನ ಸ್ವಂತದ್ದು ಎಲ್ಲಿದೆಯೋ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಕಿವಿ ಸೀಳುವ ಸಿಳ್ಳೆಯೊಂದು ಕೇಳಿತು. ಹಗ್ಗ ಜಗ್ಗಿತು, ಮೂಟೆಗಳು ಮೆಲ್ಲಗೆ ಇಳಿದು ಮುದುಕನ ಅಂಗೈ ಮುಟ್ಟಿದವು. ತಿರುಗಿದರೆ, ನೀರೆಂದರೆ ಹೆದರುವ ಮಾವ ಧಕ್ಕೆಯ ತುದಿಯಲ್ಲಿ, ಕೊಡೆ ಬಿಸಾಡಿ, ನಶ್ಯದ ಬೆರಳೆರಡನ್ನು ಬಾಯಿಗಿಟ್ಟು ನಿಂತಿದ್ದರು. ಇಷ್ಟು ವರ್ಷ ಅವರನ್ನು ಅಣಕಿಸಿದವನಿಗೆ ಅವರಲ್ಲಿ ಇಂಥದೊಂದು ಇದೆಯೆಂದು ಗೊತ್ತೇ ಇರಲಿಲ್ಲ. ದೊರೆಯ ದೋಣಿ ಬಂತು. ಮೇಸ್ತ್ರಿ ಸಲಾಮು ಮಾಡಿ, ಹಗ್ಗ ತೊಡಕಿಕೊಂಡಿತ್ತು, ತಾನೇ ನಿಲ್ಲಿಸಿದೆ ಎಂದ. ದೊರೆಯ ದನಿಗೂ ಕೊಯಮತ್ತೂರಿನ ಒಬ್ಬ ಪೋಕರಿಯ ದನಿಗೂ ತನ್ನ ಆಳುಗಳಿಗೆ ವ್ಯತ್ಯಾಸ ತಿಳಿಯಲಿಲ್ಲ ಎಂದು ಅವನಾದರೂ ಹೇಗೆ ಹೇಳಿಯಾನು. ಮುದುಕ ಮೇಲೆ ಬಂದಾಗ ನಾನು ಕಾಲಿಗೆ ಬಿದ್ದೆ. ಅವನು ತೋಳು ತಿಕ್ಕಿಕೊಳ್ಳುತ್ತ, ಪಟದಲ್ಲಿ ತಾನು ಬಂದಿದ್ದೇನೆಯೇ ಎಂದು ಮಾತ್ರ ಕೇಳಿದ. ನಟ್ಟನಡುವೆ ಬಂದಿದ್ದೀರಿ ಅಜ್ಜಾ ಎಂದೆ. ಒಂದು ಪ್ರತಿ ಕಳಿಸುತ್ತೇವೆ ಎಂದು ಮಾವ ಮಾತು ಕೊಟ್ಟರು.

ಮರುದಿನ ಕೊಯಮತ್ತೂರಿನ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ಪ್ಲೇಟುಗಳನ್ನು ತೊಳೆದೆವು. ಮೊದಲಿನ ಎರಡರಲ್ಲಿ ಹಡಗೂ ಹೊಗೆಯೂ ಬಂದವು. ಮೂರನೆಯದನ್ನು ಮಾವ ಎಷ್ಟು ಹೊತ್ತು ಅಲ್ಲಾಡಿಸಿದರೂ ಅದರಲ್ಲಿ ಏನೂ ಮೂಡಲಿಲ್ಲ. ಹೊರಗೆ ತಂದು ಬೆಳಕಿಗೆ ಹಿಡಿದರು. ಒರೆಸಿದ ಕಿಟಕಿಗಾಜಿನ ಹಾಗೆ, ಅದರ ಮೂಲಕ ಎದುರುಮನೆಯ ಬಾಗಿಲು ಕಾಣುತ್ತಿತ್ತು. ಬಂದರು ನಿಂತಿತ್ತು, ಮುದುಕ ಕೈ ಎತ್ತಿ ನಿಂತಿದ್ದ. ನಾನು ತಗಡು ಎಳೆದಿರಲಿಲ್ಲ. ಕಪಾಳಕ್ಕೆ ಬೀಳುವುದನ್ನು ಕಾಯುತ್ತ, ಹೆದರಿಕೆಯಲ್ಲಿ ಮರೆತುಹೋಯಿತು ಮಾವ ಎಂದೆ. ಅದು ಸುಳ್ಳು, ಭಯ ಹುಟ್ಟಿದ್ದು ಆಮೇಲೆ, ಎಣಿಸುವಾಗ ಇದ್ದದ್ದು ಬರೀ ಜಂಬ. ಮಾವ ಪ್ಲೇಟನ್ನು ಮೇಜಿನ ಮೇಲಿಟ್ಟು, ಒಂದು ಚಿಟಿಕೆ ನಶ್ಯ ಏರಿಸಿ, ನಾನು ದಿನವೂ ಅಣಕಿಸುವ ಆ ಮೂಗಿನಲ್ಲೇ ಹೇಳಿದರು:

“ದಿನಕ್ಕೆ ನೂರ್ ದಪ ನನ್ ದನೀಲಿ ‘ಮೊದ್ಲು ತಗಡು’ ಅಂತ ನೀನೇ ಹೇಳ್ತಿದ್ದೆ. ಒಂದ್ ದಪ ನೀನೂ ಕೇಳಿಸ್ಕೊಂಡಿದ್ರೆ ಆಗ್ತಿತ್ತಲ್ಲಡಾ.”